ಒಂಬತ್ತು ಪಾಯಿಂಟ್ ಎಂಟರ ಮೇಡಂ

ಕಳೆದ ತಿಂಗಳು ನಮ್ಮವರು ಮನೆಗೊಂದು ತೂಕದ ಯಂತ್ರ ತಂದರು. ಬಿ.ಸಿ. ರೋಡಿನಲ್ಲಿ ಅವರದ್ದೊಂದು ಮೆಡಿಕಲ್ ಶಾಪ್ ಇದೆ. ಅಂಗಡಿಯ ಮುಂದಿನ ಹಳೆಯ ಯಂತ್ರವನ್ನು ಬದಲಾಯಿಸುವಾಗ ಮನೆಗೂ ಒಂದಿರಲಿ ಎಂದು ಹೊತ್ತು ತಂದರಂತೆ. ನಾನು ಹತ್ತಿ ನಿಂತೆ. ಅದು ತೋರಿಸಿದ ಸಂಖ್ಯೆಯನ್ನು ಇಲ್ಲಿ ಬರೆಯುವ ಅಗತ್ಯ ನನಗೆ ಕಾಣುವುದಿಲ್ಲ. ಇಳಿದ ಕೂಡಲೇ ನೆಲ ಸಮತಟ್ಟಾಗಿಲ್ಲ ಎಂದು ಹೊಳೆಯಿತು. ಯಂತ್ರವನ್ನು ಜಗಲಿಗೆ ಒಯ್ದೆ. ಅಲ್ಲಿಯೂ ಅದೇ ಸಂಖ್ಯೆ. ಕನ್ನಡಕ ತೆಗೆದಿಟ್ಟು ಹತ್ತಿದೆ, ಬಳೆ ಕಳಚಿ ಹತ್ತಿದೆ. ಕೊನೆಗೆ ಒಂದು ಕಾಲನ್ನು ತುಸು ಎತ್ತಿ, ಇನ್ನೊಂದರ ಮೇಲೆ ಭಾರ ಬಿಟ್ಟು ನಿಂತೆ. ಹೀಗೆ ನಿಂತರೆ ತೂಕವೇನೂ ಕಡಿಮೆಯಾಗುವುದಿಲ್ಲ ಎಂದು ಇಪ್ಪತ್ತೆರಡು ವರ್ಷಗಳಿಂದ ಮಕ್ಕಳಿಗೆ ಪಾಠ ಹೇಳುತ್ತಿರುವವಳು ನಾನೇ.

"ಎಂತ, ಯಂತ್ರಕ್ಕೆ ಹುಷಾರಿಲ್ವಾ?" ಎಂದರು ನಮ್ಮವರು, ಬಾಗಿಲಲ್ಲಿ ನಿಂತು.

"ಇದರಲ್ಲಿ ಏನೋ ದೋಷ ಉಂಟು."

"ನಾನು ನಿಂತಾಗ ಸರಿ ಇತ್ತಲ್ಲ?"

"ನಿಮಗೆ ಬೇಕಾದದ್ದನ್ನೇ ತೋರಿಸಿತು. ಹಾಗಾಗಿ ನಿಮಗೆ ಸರಿ ಕಂಡಿತು."

ಬಹಳ ಚೆನ್ನಾಗಿ ಉತ್ತರ ಕೊಟ್ಟೆ ಎಂದು ಬೀಗುತ್ತ ಯಂತ್ರವನ್ನು ಮಂಚದ ಅಡಿಗೆ ತಳ್ಳಿದೆ. ತಳ್ಳಿದ ಕೈ ಅಲ್ಲೇ ನಿಂತುಹೋಯಿತು. ಬೇಡದ ಅಂಕಿ ಬಂದಾಗ ಉಪಕರಣವನ್ನು ಸಂಶಯಿಸುವ ಬುದ್ಧಿ ನನಗೆ ಎಷ್ಟು ಬೇಗ ಬಂತು! ನನ್ನ ದೇಹದ ವಿಷಯಕ್ಕೆ ಬಂದಾಗ ಅರ್ಧ ನಿಮಿಷ ಸಾಕಾಯಿತು. ಧನ್ಯಶ್ರೀಯ ವಿಷಯದಲ್ಲಿ ಮೂರು ವಾರ ಬೇಕಾಗಿತ್ತು, ಅದೂ ಬುದ್ಧಿ ತಾನಾಗಿ ಬಂದದ್ದಲ್ಲ.

ಧನ್ಯಶ್ರೀಯ ಕಥೆಗೆ ಮೊದಲು ನನ್ನದನ್ನು ಸ್ವಲ್ಪ ಹೇಳಬೇಕು. ನಾನು ಬೆಳ್ತಂಗಡಿಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರದ ಉಪನ್ಯಾಸಕಿ. ಮನೆ ಬಂಟ್ವಾಳದಲ್ಲಿ. ದಿನಾ ಬೆಳಿಗ್ಗೆ ಪುಂಜಾಲಕಟ್ಟೆಯ ಮೇಲೆ ಹೋಗುವ ಬಸ್ಸು ಹಿಡಿಯುತ್ತೇನೆ. ಮಕ್ಕಳು ನನಗೆ ಇಟ್ಟ ಅಡ್ಡಹೆಸರು ಬಹಳ ವರ್ಷ ನನಗೇ ಗೊತ್ತಿರಲಿಲ್ಲ. ಒಂದು ದಿನ ಬಸ್ಸಿನಲ್ಲಿ ನಾನು ಸೀಟಿನಿಂದ ಏಳುತ್ತಿದ್ದಂತೆ ಕಂಡಕ್ಟರ್ ಹುಡುಗ ಡ್ರೈವರನಿಗೆ ಕೂಗಿದ: "ಸ್ವಲ್ಪ ನಿಲ್ಲಿಸಿ, ನೈನ್ ಪಾಯಿಂಟ್ ಎಯ್ಟ್ ಇಳೀಲಿಕ್ಕುಂಟು!" ಕೂಗಿ ಆದ ಮೇಲೆ ನನ್ನ ಮುಖ ನೋಡಿ ನಾಲಿಗೆ ಕಚ್ಚಿಕೊಂಡ. ನಮ್ಮ ಹಳೆಯ ವಿದ್ಯಾರ್ಥಿ. ನಾನು ಗಂಭೀರವಾಗಿ ಇಳಿದೆ. ಒಳಗೊಳಗೇ ಸಂತೋಷವಾಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಎಷ್ಟೋ ಮೇಷ್ಟ್ರುಗಳಿಗೆ ಪ್ರಾಣಿಗಳ ಹೆಸರಿರುತ್ತದೆ, ನನಗೆ ಭೂಮಿಯ ಗುರುತ್ವದ ಬೆಲೆಯೇ ಹೆಸರಾಗಿ ಸಿಕ್ಕಿದೆಯಲ್ಲ ಎಂದು.

ಆ ಹೆಸರು ಬಂದದ್ದು ಲೋಲಕದ ಪ್ರಯೋಗದಿಂದ. ವಿಜ್ಞಾನ ಓದದವರು ಹೆದರಬೇಡಿ, ಇದರಲ್ಲಿ ಎಂಥದ್ದೂ ಇಲ್ಲ. ಒಂದು ದಾರಕ್ಕೆ ಕಬ್ಬಿಣದ ಗುಂಡು ಕಟ್ಟಿ ತೂಗಬಿಡುವುದು. ಇಪ್ಪತ್ತು ಸಲ ತೂಗಲು ಎಷ್ಟು ಹೊತ್ತು ಬೇಕು ಎಂದು ಗಡಿಯಾರದಲ್ಲಿ ನೋಡುವುದು. ದಾರ ಎಷ್ಟು ಉದ್ದವಿದೆ ಎಂದು ಅಳೆಯುವುದು. ಇವೆರಡನ್ನೂ ಒಂದು ಸೂತ್ರಕ್ಕೆ ಹಾಕಿದರೆ ಭೂಮಿ ನಮ್ಮನ್ನು ಎಷ್ಟು ಜೋರಾಗಿ ಎಳೆಯುತ್ತದೆ ಎಂದು ತಿಳಿಯುತ್ತದೆ. ಉತ್ತರ ಒಂಬತ್ತು ಪಾಯಿಂಟ್ ಎಂಟು. ಎಲ್ಲ ಪುಸ್ತಕಗಳಲ್ಲೂ ಇದೆ. ನನ್ನ ತರಗತಿಯ ಎಲ್ಲ ರೆಕಾರ್ಡುಗಳಲ್ಲೂ ಇರುತ್ತಿತ್ತು. ಇಲ್ಲದಿದ್ದರೆ ನಾನು ಸಹಿ ಹಾಕುತ್ತಿರಲಿಲ್ಲ.

ಈ ವಿದ್ಯೆ ನನಗೆ ಎಲ್ಲಿಂದ ಬಂತು ಎಂದು ಯೋಚಿಸಿದರೆ ಆರನೇ ಕ್ಲಾಸಿಗೇ ಹೋಗಬೇಕು. ನಮ್ಮ ವಿಜ್ಞಾನದ ಸರ್ ಒಂದು ದಿನ ತಟ್ಟೆಯಲ್ಲಿ ನೀರು ಹಾಕಿ, ನಡುವೆ ಮೇಣದ ಬತ್ತಿ ನಿಲ್ಲಿಸಿದರು. ಹೊತ್ತಿಸಿ ಮೇಲೆ ಗಾಜಿನ ಲೋಟ ಕವುಚಿದರೆ ಬತ್ತಿ ಆರಿ ನೀರು ಲೋಟದೊಳಗೆ ಏರಬೇಕು. ಮೊದಲ ಸಲ ಲೋಟ ಕವುಚುವ ಮೊದಲೇ ಕಿಟಕಿಯ ಗಾಳಿಗೆ ಬತ್ತಿ ಆರಿತು. ಎರಡನೆಯ ಸಲ ಬತ್ತಿ ಬಿದ್ದಿತು. ಮೂರನೆಯ ಸಲ ಬೆಂಕಿಪೆಟ್ಟಿಗೆ ಖಾಲಿ. ಸರ್ ಹಣೆ ಒರೆಸಿಕೊಂಡು, "ನೀರು ಮೇಲೆ ಬಂದಿದೆ. ಬರೆದುಕೊಳ್ಳಿ," ಎಂದರು. ನಾವು ಬರೆದುಕೊಂಡೆವು. ನಾನು ಚಿತ್ರವನ್ನೂ ಬಿಡಿಸಿ ಏರಿದ ನೀರಿಗೆ ನೀಲಿ ಬಣ್ಣ ಕೊಟ್ಟೆ. "ಉತ್ತಮ" ಎಂದು ಬರೆದುಕೊಟ್ಟರು.

ಆಮೇಲೆ ಮೂಡುಬಿದಿರೆಯಲ್ಲಿ ಬಿ.ಎಸ್ಸಿ. ಓದುವಾಗ ಈ ವಿದ್ಯೆಯಲ್ಲಿ ನಾನು ಪರಿಣತಳಾದೆ. ಉತ್ತರ ಮೊದಲೇ ಗೊತ್ತಿದ್ದರೆ ಲೆಕ್ಕವನ್ನು ಹಿಂದಿನಿಂದ ಮುಂದಕ್ಕೆ ಮಾಡಬಹುದು. ಬರಬೇಕಾದ ಬೆಲೆಯಿಂದ ಹೊರಟು, ಅದು ಬರಲು ಗಡಿಯಾರ ಎಷ್ಟು ತೋರಿಸಬೇಕಿತ್ತೋ ಅಷ್ಟನ್ನು ಬರೆಯುವುದು. ತೀರ ಸರಿಯಾದರೆ ಸಂಶಯ ಬರುತ್ತದೆಂದು ಅಲ್ಲಲ್ಲಿ ಚಿಟಿಕೆಯಷ್ಟು ತಪ್ಪು ಬೆರೆಸುವುದು. ಸಂಜೆ ಮೂಡುಬಿದಿರೆಯಲ್ಲಿ ಬಸ್ಸು ಹತ್ತಿದರೆ ಸಿದ್ದಕಟ್ಟೆ ದಾಟುವಷ್ಟರಲ್ಲಿ ಎಂಟು ರೀಡಿಂಗ್ ತಯಾರಾಗುತ್ತಿದ್ದವು. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ನನಗೆ ಪೂರ್ತಿ ಅಂಕ. ಮೂರು ವರ್ಷದಲ್ಲಿ ಆ ಗುಂಡನ್ನು ನಿಜವಾಗಿ ತೂಗಬಿಟ್ಟದ್ದು ನಾಲ್ಕೋ ಐದೋ ಸಲ ಇರಬಹುದು.

ಇಂಥವಳ ಮುಂದೆ ನಾಲ್ಕು ವರ್ಷದ ಹಿಂದೆ ಧನ್ಯಶ್ರೀ ಬಂದು ನಿಂತಳು.

ಫಸ್ಟ್ ಪಿಯುಸಿಯ ಹುಡುಗಿ. ಎರಡು ಜಡೆ, ಮಾತು ಕಡಿಮೆ. ಮಡಂತ್ಯಾರಿನ ಕಡೆಯಿಂದ ಬರುತ್ತಿದ್ದಳು. ಮಳೆಗಾಲದ ಒಂದು ಮಧ್ಯಾಹ್ನ, ಲ್ಯಾಬಿನಲ್ಲಿ ಎಲ್ಲರೂ ಲೋಲಕದ ಪ್ರಯೋಗ ಮುಗಿಸಿ ರೆಕಾರ್ಡು ತಂದು ನನ್ನ ಮೇಜಿನ ಮೇಲೆ ಪೇರಿಸುತ್ತಿದ್ದರು. ನಾನು ಕೊನೆಯ ಸಾಲು ಮಾತ್ರ ನೋಡುವುದು, ಸಹಿ ಹಾಕುವುದು. 9.8, ಸಹಿ. 9.79, ಸಹಿ. 9.81, ಸಹಿ. ಧನ್ಯಶ್ರೀಯ ಹಾಳೆಯಲ್ಲಿ ಮೇಲಿನಿಂದ ಕೆಳಗೆ 10.0, 10.1, 10.2, 10.5 ಎಂದಿತ್ತು.

"ಇದೆಂತ ಇದು?"

"ಹಾಗೇ ಬಂತು ಮೇಡಂ."

"ದಾರದ ಉದ್ದಕ್ಕೆ ಗುಂಡಿನ ಅರ್ಧ ಅಳತೆ ಸೇರಿಸಿದ್ದೀಯಾ?"

"ಸೇರಿಸಿದ್ದೇನೆ."

"ಹಾಗಾದ್ರೆ ಎಣಿಕೆ ತಪ್ಪಿದೆ. ಮೊದಲನೇದಕ್ಕೇ ಒಂದು ಅಂತ ಹೇಳಿರ್ತಿ. ಸೊನ್ನೆಯಿಂದ ಶುರು ಮಾಡ್ಬೇಕು."

"ಸೊನ್ನೆಯಿಂದಲೇ ಮಾಡಿದ್ದು ಮೇಡಂ. ಎರಡು ಸಲ ಮಾಡಿದೆ."

ಸಾಲಾಗಿ ನಿಂತವರು ಕೇಳಿಸಿಕೊಳ್ಳುತ್ತಿದ್ದರು. ಎದುರಿಗೆ ಕೇಳುವವರಿದ್ದರೆ ನನಗೆ ನಾಲಿಗೆ ತುರಿಸುತ್ತದೆ. "ಎಲ್ಲರಿಗೂ ಒಂಬತ್ತು ಪಾಯಿಂಟ್ ಎಂಟು ಬಂದಿದೆ. ನಿನಗೊಬ್ಬಳಿಗೆ ಭೂಮಿ ಬೇರೆ ಉಂಟಾ?" ಎಂದೆ.

ಇಡೀ ಲ್ಯಾಬು ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಸರಿಯಾದ ರೀಡಿಂಗ್ ತಂದರೆ ಸಹಿ ಹಾಕುತ್ತೇನೆ ಎಂದು ರೆಕಾರ್ಡನ್ನು ಹಿಂದಕ್ಕೆ ಕೊಟ್ಟೆ. ಅವಳು ಅದನ್ನು ಎದೆಗೆ ಒತ್ತಿಕೊಂಡು ಹೋದಳು. ನನ್ನ ಆ ಮಾತು ನನಗೇ ಎಷ್ಟು ಹಿಡಿಸಿತೆಂದರೆ ಆ ವಾರ ಸ್ಟಾಫ್‌ರೂಮಿನಲ್ಲಿ ಅದನ್ನು ಮೂರು ಸಲ ಹೇಳಿದೆ. ಮೂರನೆಯ ಸಲ ಹೇಳುವಾಗ ಅವಳ ನಿಲುವನ್ನು ಅಭಿನಯಿಸಿಯೂ ತೋರಿಸಿದೆ.

ಮೂರು ವಾರ ಕಳೆದರೂ ಅವಳು ರೆಕಾರ್ಡು ತರಲಿಲ್ಲ. ನಾನು ಕೇಳಲೂ ಇಲ್ಲ. ಒಂದು ಗುರುವಾರ ಅವಳೇ ಸ್ಟಾಫ್‌ರೂಮಿಗೆ ಬಂದು ಒಂದು ಅರ್ಜಿ ಮುಂದಿಟ್ಟಳು. ವಿಜ್ಞಾನ ಬಿಟ್ಟು ಕಾಮರ್ಸಿಗೆ ಹೋಗಲು ಅನುಮತಿ ಬೇಕು. ಕ್ಲಾಸ್ ಟೀಚರ್ ಎಂದು ನಾನು ಸಹಿ ಹಾಕಬೇಕು.

ಇಲ್ಲಿ ನನ್ನ ಹೃದಯ ಕರಗಿತು ಎಂದು ಬರೆದರೆ ಸುಳ್ಳಾಗುತ್ತದೆ. ನನಗೆ ಮೊದಲು ನೆನಪಾದದ್ದು ತರಗತಿಯ ಸಂಖ್ಯೆ. ಹತ್ತನೇ ಕ್ಲಾಸಿನಲ್ಲಿ ಒಳ್ಳೆಯ ಅಂಕ ತೆಗೆದವರೆಲ್ಲ ಮೂಡುಬಿದಿರೆಯ ದೊಡ್ಡ ಕಾಲೇಜುಗಳ ಹಾಸ್ಟೆಲು ಸೇರುತ್ತಾರೆ. ನಮ್ಮ ವಿಜ್ಞಾನ ವಿಭಾಗದಲ್ಲಿ ಉಳಿದವರು ಮೂವತ್ತೊಂದು ಮಂದಿ. ಇನ್ನೂ ಇಳಿದರೆ ವಿಭಾಗವೇ ಇರುತ್ತದೋ ಇಲ್ಲವೋ ಎಂಬ ಹೆದರಿಕೆ ನಮಗೆಲ್ಲ ಇತ್ತು. ಹಾಗಾಗಿ ದನಿಯನ್ನು ಮೆದು ಮಾಡಿ ಕೇಳಿದೆ:

"ಯಾಕೆ ಮಗಾ? ಕಷ್ಟ ಆಗ್ತದಾ?"

"ಕಷ್ಟ ಇಲ್ಲ ಮೇಡಂ. ನನಗೆ ಆಗುದಿಲ್ಲ."

"ಎಂತ ಆಗುದಿಲ್ಲ?"

ಅವಳು ನೆಲ ನೋಡುತ್ತಲೇ ಹೇಳಿದಳು: "ಬಾರದ್ದನ್ನು ಬಂದಿದೆ ಅಂತ ಬರೀಲಿಕ್ಕೆ ಆಗುದಿಲ್ಲ. ಬಂದದ್ದನ್ನು ಬರೆದ್ರೆ ನೀವು ಸೈನ್ ಮಾಡುದಿಲ್ಲ."

"ಉಳಿದವರಿಗೆಲ್ಲ ಬಂತಲ್ಲ?"

"ಅವರು ಹೇಗೆ ಬರೆದದ್ದು ಅಂತ ನನಗೆ ಗೊತ್ತುಂಟು ಮೇಡಂ." ತಲೆಯೆತ್ತಿ, "ನಿಮಗೂ ಗೊತ್ತುಂಟು," ಎಂದಳು.

ಪಕ್ಕದ ಮೇಜಿನ ಇತಿಹಾಸದ ಸರ್ ಚಹಾ ಕುಡಿಯುವುದನ್ನು ನಿಲ್ಲಿಸಿದರು. ನನಗೆ ಸಿಟ್ಟು ಬಂತು. ಸಿಟ್ಟು ಬಂದದ್ದು ಅವಳು ಹೇಳಿದ್ದು ನಿಜವಾದ್ದರಿಂದ ಎಂದು ಆಗ ತಿಳಿಯಲಿಲ್ಲ. ಪ್ರಿನ್ಸಿಪಾಲರು ಊರಲ್ಲಿಲ್ಲ, ಸೋಮವಾರ ನೋಡುವ ಎಂದು ಅರ್ಜಿಯನ್ನು ಡ್ರಾಯರಿನೊಳಗೆ ಹಾಕಿದೆ. ಪ್ರಿನ್ಸಿಪಾಲರು ಪಕ್ಕದ ಕೋಣೆಯಲ್ಲಿ ಫೋನಿನಲ್ಲಿ ಜೋರಾಗಿ ಮಾತಾಡುತ್ತಿದ್ದದ್ದು ನಮ್ಮಿಬ್ಬರಿಗೂ ಕೇಳುತ್ತಿತ್ತು.

ಮರುದಿನ ಅವಳು ಕಾಲೇಜಿಗೆ ಬರಲಿಲ್ಲ. ಸಂಜೆ ತರಗತಿ ಬಿಟ್ಟ ಮೇಲೆ ನಾನು ಲ್ಯಾಬಿಗೆ ಹೋದೆ. ನಾನೇ ಸ್ವತಃ ಪ್ರಯೋಗ ಮಾಡಿ, ಒಂಬತ್ತು ಪಾಯಿಂಟ್ ಎಂಟನ್ನು ಬರಿಸಿ, ಸೋಮವಾರ ಅವಳ ಮುಖಕ್ಕೆ ಹಿಡಿಯುವುದು ನನ್ನ ಉದ್ದೇಶ. ದಾರ ಕಟ್ಟಿದೆ, ಗುಂಡು ತೂಗಬಿಟ್ಟೆ. ಇಪ್ಪತ್ತು ಎಣಿಸಿದೆ, ದಾರ ಅಳೆದೆ. ಲೆಕ್ಕ ಹಾಕಿದರೆ 10.0 ಬಂತು.

ಎಣಿಕೆ ತಪ್ಪಿರಬೇಕು ಎಂದು ಮತ್ತೆ ಎಣಿಸಿದೆ. ಮತ್ತೆ ಅದೇ. ದಾರವನ್ನು ಅರ್ಧ ಮಾಡಿದೆ. 10.2. ಗಡಿಯಾರವನ್ನು ಫೋನಿನ ಜೊತೆ ಹೋಲಿಸಿದೆ, ಸರಿಯಿತ್ತು. ಕಿಟಕಿ ಮುಚ್ಚಿದೆ, ಫ್ಯಾನು ನಿಲ್ಲಿಸಿದೆ. ದಾರವನ್ನು ಇನ್ನೂ ಗಿಡ್ಡ ಮಾಡಿದೆ. 10.5. ಬೆವರು ಇಳಿಯುತ್ತಿತ್ತು. ಆಗ ನನ್ನ ಕೈ ಏನು ಮಾಡಿತು ಕೇಳಿ. ಪೆನ್ಸಿಲು ತೆಗೆದುಕೊಂಡು, ಗಡಿಯಾರದ ರೀಡಿಂಗಿನ ಕೊನೆಯ ಅಂಕಿಯನ್ನು ತಿದ್ದಲು ಹೊರಟಿತು. ಕೋಣೆಯಲ್ಲಿ ನಾನೊಬ್ಬಳೇ. ಯಾರಿಗೂ ತೋರಿಸಬೇಕಾಗಿರಲಿಲ್ಲ. ಆದರೂ ಕೈ ಅಭ್ಯಾಸ ಬಲದಿಂದ ಸಿದ್ದಕಟ್ಟೆಯ ಬಸ್ಸು ಹತ್ತಿಯಾಗಿತ್ತು.

"ಇನ್ನೂ ಹೋಗ್ಲಿಲ್ವಾ ಮೇಡಂ?"

ಲ್ಯಾಬಿನ ಅಟೆಂಡರ್ ಮೋನಪ್ಪಣ್ಣ ಬೀಗದ ಕೈ ಹಿಡಿದು ನಿಂತಿದ್ದರು. ನನಗಿಂತ ಹತ್ತು ವರ್ಷ ಮೊದಲು ಆ ಕಾಲೇಜಿಗೆ ಬಂದವರು. ಲ್ಯಾಬಿನ ಒಂದೊಂದು ಸ್ಕ್ರೂವಿನ ಜಾತಕವೂ ಅವರಿಗೆ ಗೊತ್ತು.

"ಮೋನಪ್ಪಣ್ಣ, ಇದು ಸರಿ ಬರ್ತಾ ಇಲ್ಲ ಮಾರಾಯ್ರೆ. ದಾರ ಗಿಡ್ಡ ಆದಷ್ಟೂ ಹೆಚ್ಚು ಹೆಚ್ಚು ತೋರಿಸ್ತದೆ."

ಅವರು ಹತ್ತಿರ ಬಂದು ನೋಡಿದರು. ಗುಂಡನ್ನಲ್ಲ, ದಾರವನ್ನೂ ಅಲ್ಲ. ಮೇಜಿನ ಮೇಲೆ ಮಲಗಿದ್ದ ಮೀಟರು ಉದ್ದದ ಮರದ ಅಳತೆಗೋಲನ್ನು ನೋಡಿದರು.

"ಆ ಸ್ಕೇಲಿನಲ್ಲಿ ಅಳೆದ್ರೆ ಹೇಗೆ ಬರ್ತದೆ ಮೇಡಂ? ಅದು ಕತ್ತರಿಸಿದ್ದಲ್ವಾ?"

"ಕತ್ತರಿಸಿದ್ದಾ? ಯಾರು?"

"ನಾನೇ. ಗರಗಸದಲ್ಲಿ." ಅವರಿಗೆ ಆಶ್ಚರ್ಯವಾದಂತಿತ್ತು. "ನೀವೇ ಅಲ್ವಾ ಹೇಳಿದ್ದು? ಅವತ್ತು ಕಪಾಟಿಗೆ ಒರಲೆ ಹತ್ತಿ ಎರಡೂ ಸ್ಕೇಲಿನ ಬುಡ ತಿಂದುಹಾಕಿತ್ತು. ಹೊಸತು ತರಿಸುವ ಅಂದೆ ನಾನು. ನೀವು, 'ನಾಳೆ ಇನ್‌ಸ್ಪೆಕ್ಷನ್ ಉಂಟು, ತಿಂದದ್ದನ್ನು ಕತ್ತರಿಸಿ ಹಿತ್ತಾಳೆ ತುಂಡು ಹೊಡೀರಿ, ಯಾರು ನೋಡ್ತಾರೆ' ಅಂದ್ರಿ. ಏಳು ವರ್ಷ ಆಯ್ತು."

ಮಬ್ಬುಮಬ್ಬಾಗಿ ನೆನಪಾಯಿತು. ಗೆದ್ದಲು, ಇನ್‌ಸ್ಪೆಕ್ಷನ್ನಿನ ಗಡಿಬಿಡಿ, ನನ್ನ ಅವಸರದ ಅಪ್ಪಣೆ. ಯಾರೋ ಬಿಟ್ಟುಹೋದ ಕಂಪಾಸುಪೆಟ್ಟಿಗೆಯಿಂದ ಪ್ಲಾಸ್ಟಿಕ್ ಸ್ಕೇಲು ತೆಗೆದು ಪಕ್ಕದಲ್ಲಿಟ್ಟು ನೋಡಿದೆ. ಅಳತೆಗೋಲಿನ ತುದಿಯ ಸಣ್ಣ ಗೆರೆಗಳೆಲ್ಲ ಅಳಿಸಿಹೋಗಿದ್ದವು. ಹತ್ತರ ಗೆರೆ ಮಾತ್ರ ಕಾಣುತ್ತಿತ್ತು. ತುದಿಯಿಂದ ಆ ಹತ್ತರ ಗೆರೆಗೆ ಇದ್ದದ್ದು ಎಂಟೇ ಸೆಂಟಿಮೀಟರು. ಎರಡು ಸೆಂಟಿಮೀಟರು ಇರಲಿಲ್ಲ. ಏಳು ವರ್ಷಗಳಿಂದ ಇರಲಿಲ್ಲ.

ಏಳು ವರ್ಷಗಳಲ್ಲಿ ಆ ಲ್ಯಾಬಿನಲ್ಲಿ ಯಾರಿಗೂ ಒಂಬತ್ತು ಪಾಯಿಂಟ್ ಎಂಟು ಬಂದಿರಲು ಸಾಧ್ಯವೇ ಇರಲಿಲ್ಲ. ಆದರೂ ಏಳು ತಂಡಗಳ ಅಷ್ಟೂ ಮಕ್ಕಳು ಅದನ್ನೇ ಬರೆದಿದ್ದರು. ನಾನು ಅಷ್ಟಕ್ಕೂ ಸಹಿ ಹಾಕಿದ್ದೆ. ಸ್ಟೂಲಿನ ಮೇಲೆ ಕುಳಿತುಬಿಟ್ಟೆ. ಮೋನಪ್ಪಣ್ಣ ಫ್ಯಾನು ಹಾಕಿ, "ನೀರು ಬೇಕಾ ಮೇಡಂ?" ಎಂದು ಕೇಳಿದರು.

ಶನಿವಾರ ಮಧ್ಯಾಹ್ನ ಬಿಟ್ಟ ಕೂಡಲೇ ಬಸ್ಸು ಹತ್ತಿ ಮಡಂತ್ಯಾರಿನಲ್ಲಿ ಇಳಿದೆ. ದಾರಿಯುದ್ದಕ್ಕೂ ಮನಸ್ಸಿನಲ್ಲಿ ವಾಕ್ಯಗಳನ್ನು ಜೋಡಿಸುತ್ತಿದ್ದೆ. "ಒಂದು ಸಣ್ಣ ತಾಂತ್ರಿಕ ದೋಷ ಕಂಡುಬಂದಿದೆ" ಎಂದು ಶುರು ಮಾಡುವುದೆಂದು ತೀರ್ಮಾನಿಸಿದೆ. ಕಂಡುಬಂದಿದೆ ಎಂದರೆ ಮಾಡಿದವರು ಯಾರೆಂದು ಹೇಳಬೇಕಾಗುವುದಿಲ್ಲ. ವ್ಯಾಕರಣದಲ್ಲಿ ಇಂಥ ಅನುಕೂಲಗಳಿವೆ.

ಧನ್ಯಶ್ರೀಯ ತಾಯಿ ಜಗಲಿಯಲ್ಲಿ ಕುಳಿತು, ಮಡಿಲಲ್ಲಿ ಬೀಡಿ ಎಲೆ ತುಂಬಿದ ಗೆರಸಿ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ನನ್ನನ್ನು ಕಂಡು ಗಡಬಡಿಸಿ, "ಬಲೆ ಟೀಚರೆ, ಕುಲ್ಲುಲೆ," ಎಂದು ತುಳುವಿನಲ್ಲಿ ಕರೆದು, ಕೂರಲು ಕುರ್ಚಿ ಒರೆಸಿದರು. ಮಗಳು ಹಿಂದಿನ ತೋಡಿನಲ್ಲಿ ಬಟ್ಟೆ ಒಗೆಯಲು ಹೋಗಿದ್ದಾಳೆ, ಈಗ ಬರುತ್ತಾಳೆ ಎಂದರು. ಮನೆಮಾತು ನನ್ನದೂ ತುಳುವೇ. ಆದರೆ ಟೀಚರ್ ಎಂದು ಗೊತ್ತಾದ ಮೇಲೆ ಆಕೆ ಪಟ್ಟು ಹಿಡಿದು ಕನ್ನಡದಲ್ಲೇ ಮಾತಾಡಿದರು.

"ಅವಳು ಎಂತಾದ್ರೂ ಎದುರು ಮಾತಾಡಿದ್ಳಾ ಟೀಚರ್? ಅಳತೆಯ ವಿಷಯ ಬಂದ್ರೆ ಅವಳು ಹಾಗೇ. ಸುಮ್ಮನಿರುದಿಲ್ಲ."

"ಅಳತೆಯ ವಿಷಯವಾ?"

ಆಕೆ ಪಕ್ಕದಲ್ಲಿದ್ದ ಆಯತಾಕಾರದ ತಗಡಿನ ತುಂಡೊಂದನ್ನು ಎತ್ತಿ ತೋರಿಸಿದರು. ಎಲೆಯ ಮೇಲೆ ಅದನ್ನಿಟ್ಟು ಸುತ್ತಲೂ ಕತ್ತರಿಸುವುದು, ಹಾಗೆ ಕತ್ತರಿಸಿದರೆ ಎಲ್ಲ ಬೀಡಿಯೂ ಒಂದೇ ಅಳತೆ. "ಇವಳು ಎಂಟನೇ ಕ್ಲಾಸಿನಲ್ಲಿರುವಾಗ ನಾನು ಬೀಡಿ ಕಂಪೆನಿಗೆ ಕೊಂಡುಹೋದ ಬೀಡಿಯೆಲ್ಲ ಗಿಡ್ಡ ಉಂಟು ಅಂತ ಅಲ್ಲಿಯವರು ವಾಪಸ್ ಬಿಸಾಡ್ತಿದ್ರು. ನನ್ನ ಕೈಯೇ ಹೋಯ್ತು ಅಂತ ನಾನು ಗ್ರಹಿಸಿದ್ದು. ಇವಳು ಅವರು ಕೊಟ್ಟಿದ್ದ ತಗಡನ್ನು ಶಾಲೆಯ ಸ್ಕೇಲಿನ ಹತ್ತಿರ ಇಟ್ಟು ನೋಡಿದ್ಳು. ತಗಡೇ ಸವೆದು ಗಿಡ್ಡ ಆಗಿತ್ತು ಟೀಚರ್! ನನ್ನ ಒಟ್ಟಿಗೆ ಅಲ್ಲಿಗೆ ಬಂದು, ಅಮ್ಮನ ಕೈ ಸರಿ ಉಂಟು, ನಿಮ್ಮ ತಗಡು ಸರಿ ಇಲ್ಲ ಅಂದ್ಳು. ನನಗೆ ಹೆದರಿಕೆಯಾಗಿ ಬೆವರಿತು. ಅವರು ಅಳೆದು ನೋಡಿ ಬೇರೆ ಕೊಟ್ರು."

ನಾನು ತಗಡನ್ನು ಕೈಯಲ್ಲಿ ಹಿಡಿದು ಕುಳಿತೆ. ದಾರಿಯಲ್ಲಿ ಜೋಡಿಸಿದ ವಾಕ್ಯಗಳೆಲ್ಲ ಎಲ್ಲಿ ಹೋದವೋ. ಧನ್ಯಶ್ರೀ ಒದ್ದೆ ಬಟ್ಟೆಯ ಬಕೆಟು ಹಿಡಿದು ಮನೆಯ ಬದಿಯಿಂದ ಬಂದವಳು ನನ್ನನ್ನು ಕಂಡು ನಿಂತಳು.

"ಧನ್ಯಾ, ನಿನ್ನ ರೀಡಿಂಗ್ ಸರಿ ಇತ್ತು. ಸ್ಕೇಲು ತಪ್ಪು. ಅದನ್ನು ಕತ್ತರಿಸಲಿಕ್ಕೆ ಹೇಳಿದ್ದು ನಾನೇ."

ಅವಳು ಬಕೆಟು ಕೆಳಗಿಟ್ಟಳು. ಮುಖದಲ್ಲಿ ಸಂತೋಷವೂ ಇಲ್ಲ, ಸಿಟ್ಟೂ ಇಲ್ಲ. "ಎಷ್ಟು ಕಡಿಮೆ ಉಂಟು ಮೇಡಂ?" ಎಂದಳು.

"ಎರಡು ಸೆಂಟಿಮೀಟರು."

ಅವಳು ಒಳಗೆ ಹೋಗಿ ರೆಕಾರ್ಡು ತಂದಳು. ನಾನು ಹಿಂದಕ್ಕೆ ಕೊಟ್ಟಿದ್ದ ಹಾಳೆಯ ಕೆಳಗೆ ಪೆನ್ಸಿಲಿನಲ್ಲಿ ಇನ್ನೊಂದು ಲೆಕ್ಕ. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ, 'ಎರಡು ಸೆಂ.ಮೀ?' ಎಂದಿತ್ತು.

"ದಾರ ಉದ್ದ ಇದ್ದಾಗ ತಪ್ಪು ಸಣ್ಣದು, ಗಿಡ್ಡ ಆದಷ್ಟೂ ದೊಡ್ಡದು," ಅವಳು ಬೆರಳಿಟ್ಟು ತೋರಿಸಿದಳು. "ಪ್ರತಿ ಸಲವೂ ಒಂದೇ ಅಷ್ಟು ಉದ್ದ ಹೆಚ್ಚು ಬರೆದಿದ್ದೇನೆ ಅಂತ ಇಟ್ಟುಕೊಂಡೆ. ಎರಡು ಕಳೆದ್ರೆ ಎಲ್ಲ ಸರಿ ಬರ್ತದೆ."

ಸ್ಕೇಲನ್ನು ಮುಟ್ಟದೆಯೇ, ಬರೇ ಅಂಕಿಗಳನ್ನು ನೋಡಿ ಕಂಡುಹಿಡಿದಿದ್ದಳು. ಹದಿನೆಂಟು ವರ್ಷ ಪಾಠ ಮಾಡಿದ ನನಗೆ ಅಟೆಂಡರ್ ಬಂದು ಹೇಳಬೇಕಾಯಿತು.

"ನನಗೆ ಯಾಕೆ ಹೇಳ್ಲಿಲ್ಲ?"

ಅವಳು ತಾಯಿಯತ್ತ ನೋಡಿದಳು, ಮತ್ತೆ ರೆಕಾರ್ಡಿನತ್ತ. "ಹೇಳ್ಲಿಕ್ಕೆ ಬಂದಿದ್ದೆ ಮೇಡಂ. ಸ್ಕೇಲನ್ನೊಮ್ಮೆ ಅಳೆಯಲಿಕ್ಕೆ ಬಿಡ್ತೀರಾ ಅಂತ ಕೇಳುವ ಅಂತ. ನೀವು ಸ್ಟಾಫ್‌ರೂಮಿನಲ್ಲಿ ಎಲ್ಲರಿಗೂ ನಾನು ನಿಂತ ಹಾಗೆ ನಿಂತು ತೋರಿಸ್ತಾ ಇದ್ರಿ. ನಾನು ಬಾಗಿಲಿನಿಂದಲೇ ವಾಪಸ್ ಹೋದೆ."

ಅವಳ ತಾಯಿ ಬೀಡಿ ಕಟ್ಟುವುದನ್ನು ನಿಲ್ಲಿಸಿ ನಮ್ಮಿಬ್ಬರ ಮುಖವನ್ನೂ ನೋಡಿದರು. ಬಾಯಿಗೆ ಬಂದ ಒಂದೊಂದು ಮಾತೂ ನನ್ನನ್ನು ಸ್ವಲ್ಪ ಉಳಿಸಿಕೊಳ್ಳುವ ಮಾತೇ ಆಗಿತ್ತು. ಕೊನೆಗೆ, "ನನ್ನದು ತಪ್ಪಾಯ್ತು," ಎಂದೆ. ತಾಯಿ ಎದ್ದು ಒಳಗೆ ಹೋಗಿ ಬೆಲ್ಲ ನೀರು ತಂದುಕೊಟ್ಟರು. ನಾನು ಪೂರ್ತಿ ಕುಡಿದೆ. ಕುಡಿಯುವಷ್ಟು ಹೊತ್ತು ಮಾತಾಡಬೇಕಾಗಿರಲಿಲ್ಲ.

ಸೋಮವಾರ ತರಗತಿಯಲ್ಲಿ ಹೇಳಲೇಬೇಕಿತ್ತು. ನಗಿಸಿದ್ದು ಎಲ್ಲರ ಮುಂದೆ, ಹಾಗಾಗಿ ಇದೂ ಎಲ್ಲರ ಮುಂದೆ. ಭಾನುವಾರವಿಡೀ ಕುಳಿತು ಭಾಷಣ ಬರೆದಿದ್ದೆ. "ವಿಜ್ಞಾನವೆಂದರೆ ಸತ್ಯದ ಹುಡುಕಾಟ" ಎಂದು ಆರಂಭಿಸಿದೆ. ಅಷ್ಟರಲ್ಲಿ ಮೋನಪ್ಪಣ್ಣ ನಾನು ಹೇಳಿದ್ದಂತೆ ಆ ಎರಡೂ ಅಳತೆಗೋಲು ಹಿಡಿದುಕೊಂಡು, ದ್ವಾರಪಾಲಕರ ಹಾಗೆ ಬಾಗಿಲಲ್ಲಿ ಬಂದು ನಿಂತರು. ಭಾಷಣ ಮರೆತುಹೋಯಿತು. ಗೆದ್ದಲಿನಿಂದ ಹಿಡಿದು ಮಡಂತ್ಯಾರಿನವರೆಗೆ ನಡೆದದ್ದನ್ನು ನಡೆದ ಹಾಗೆ ಹೇಳಿದೆ. "ಕತ್ತರಿಸಿದ್ದು ನಾನು, ಕತ್ತರಿಸ್ಲಿಕ್ಕೆ ಹೇಳಿದ್ದು ಮೇಡಂ," ಎಂದು ಮೋನಪ್ಪಣ್ಣ ನಡುವೆ ಸ್ಪಷ್ಟಪಡಿಸಿದರು. "ಧನ್ಯಶ್ರೀಯ ಭೂಮಿ ಸರಿಯಾಗಿಯೇ ಇತ್ತು. ಬೇರೆ ಇದ್ದದ್ದು ನಮ್ಮದು," ಎಂದು ಮುಗಿಸಿದೆ.

ಯಾರೂ ನಗಲಿಲ್ಲ. ಆಮೇಲೆ ಹಿಂದಿನ ಬೆಂಚಿನ ಒಬ್ಬ ಮೆಲ್ಲನೆ ಎದ್ದ. "ಮೇಡಂ, ಹಾಗಾದ್ರೆ ನಮ್ಮ ರೆಕಾರ್ಡು?"

"ನಿಮ್ಮ ರೆಕಾರ್ಡಿಗೆಂತ?"

"ನಮಗೂ ಹತ್ತೇ ಬಂದದ್ದು ಮೇಡಂ."

ಕೈಗಳು ಒಂದೊಂದಾಗಿ ಮೇಲೆದ್ದವು. ಹತ್ತು ಪಾಯಿಂಟ್ ಒಂದು, ಹತ್ತು ಪಾಯಿಂಟ್ ಮೂರು. ಎಲ್ಲರೂ ಅಳೆದಿದ್ದರು, ಎಲ್ಲರಿಗೂ ಸರಿಯಾಗಿಯೇ ತಪ್ಪು ಬಂದಿತ್ತು. ಅಂಥ ಒಳ್ಳೆಯ ರೀಡಿಂಗುಗಳನ್ನೆಲ್ಲ ನನಗೆ ಹೆದರಿ ಒರೆಸಿಹಾಕಿದ್ದರು.

ಹೊಸ ಅಳತೆಗೋಲು ಬಂತು, ಎಲ್ಲರೂ ಮತ್ತೆ ಮಾಡಿದರು. 9.6 ಬಂತು, 9.9 ಬಂತು, ಒಬ್ಬನಿಗೆ 9.4. ಸೂತ್ರ ಬಾಯಿಪಾಠ ಒಪ್ಪಿಸುವುದರ ಬದಲು, ಯಾಕೆ ಹೀಗೆ ಬಂತು ಎಂದು ಹೇಳಿದವರಿಗೆ ಸಹಿ ಎಂದೆ. ಮೊದಲು ಯಾರೂ ಬಾಯಿ ಬಿಡಲಿಲ್ಲ. ಕನ್ನಡದಲ್ಲಿ ಕೇಳಿದೆ, ಪುಸ್ತಕದ ಇಂಗ್ಲಿಷಿನಲ್ಲಿ ಕೇಳಿದೆ. ಕೊನೆಗೆ ಬೇಸತ್ತು, ಮನೆಯಲ್ಲಿ ಕೇಳುವ ಹಾಗೆ, "ದಾಯೆಗ್ ಮಾರಾಯಾ?" ಎಂದು ತುಳುವಿನಲ್ಲಿ ಯಾಕೆಂದು ಕೇಳಿದೆ. 9.4ರ ಹುಡುಗ ತುಳುವಿನಲ್ಲೇ ಹತ್ತು ನಿಮಿಷ ಹೇಳಿದ. ದಾರ ಮಳೆಗಾಲದ ತೇವಕ್ಕೆ ಜೋತುಬಿದ್ದು ಉದ್ದವಾದದ್ದು, ತಾನು ಮೊದಲೇ ಅಳೆದು ಆಮೇಲೆ ಗುಂಡು ಕಟ್ಟಿದ್ದು, ಎಲ್ಲವನ್ನೂ. ಆ ಹುಡುಗ ಅಷ್ಟು ಮಾತಾಡುತ್ತಾನೆಂದು ನನಗೆ ಗೊತ್ತೇ ಇರಲಿಲ್ಲ. ಅವನಲ್ಲಿ ನಾನು ಅಲ್ಲಿಯವರೆಗೆ ಕೇಳಿದ್ದೆಲ್ಲ ಉತ್ತರವನ್ನು ಮಾತ್ರ.

ಧನ್ಯಶ್ರೀಗೆ 9.71 ಬಂತು. ಹಾಗೆಯೇ ಬರೆದು ತಂದಳು, ಸಹಿ ಹಾಕಿದೆ. ಡ್ರಾಯರಿನಿಂದ ಅರ್ಜಿ ತೆಗೆದು, "ಇದನ್ನು ಹರಿದುಹಾಕುವಾ?" ಎಂದು ಕೇಳಿದೆ. ಅವಳು ಯೋಚಿಸಿದಳು.

"ಈಗ ಬೇಡ ಮೇಡಂ, ಇರ್ಲಿ. ಮುಂದಿನ ವಾರದಿಂದ ಕೆಮಿಸ್ಟ್ರಿ ಲ್ಯಾಬ್ ಶುರು ಆಗ್ತದೆ."

ಕೆಮಿಸ್ಟ್ರಿಯ ಮೇಡಂಗೆ ನಾನು ಅಂದೇ ಎಚ್ಚರಿಕೆ ಕೊಟ್ಟೆ. ವರ್ಷದ ಕೊನೆಯಲ್ಲಿ ಧನ್ಯಶ್ರೀಯೇ ಬಂದು ಅರ್ಜಿಯನ್ನು ಕೇಳಿ ತೆಗೆದುಕೊಂಡು ಹೋದಳು.

ಈ ಕಥೆಯನ್ನು ಹೋದ ವರ್ಷ ಮೂಡುಬಿದಿರೆಯಲ್ಲಿ ನಡೆದ ಉಪನ್ಯಾಸಕರ ಕಾರ್ಯಾಗಾರವೊಂದರಲ್ಲಿ ಹೇಳಿದೆ. 'ಪರಿಣಾಮಕಾರಿ ಬೋಧನೆ'ಯ ಬಗ್ಗೆ ಅನುಭವಿಗಳು ಮಾತಾಡಬೇಕೆಂದು ನನ್ನನ್ನು ಕರೆದಿದ್ದರು. ಸಭೆ ಗಂಭೀರವಾಗಿ ಕೇಳಿತು, ಚಪ್ಪಾಳೆ ಹೊಡೆಯಲೋ ಬೇಡವೋ ಎಂದು ಗೊತ್ತಾಗದೆ ಅರ್ಧ ಹೊಡೆಯಿತು. ಚಹಾದ ಹೊತ್ತಿನಲ್ಲಿ ನಾಲ್ಕು ಮಂದಿ ಒಬ್ಬೊಬ್ಬರಾಗಿ ನನ್ನನ್ನು ಕಂಬದ ಹಿಂದೆ ಕರೆದು, ಸುತ್ತ ನೋಡಿ, ಪಿಸುಮಾತಿನಲ್ಲಿ ತಮ್ಮ ತಮ್ಮ ಲ್ಯಾಬಿನ ಗುಟ್ಟು ಹೇಳಿದರು. ಒಬ್ಬರದ್ದು ಸ್ಪ್ರಿಂಗು, ಒಬ್ಬರದ್ದು ಥರ್ಮಾಮೀಟರು. ಉಳಿದಿಬ್ಬರಿಗೆ ಮಾತು ಕೊಟ್ಟಿರುವುದರಿಂದ ಹೇಳಲಾರೆ.

ಸಂಜೆ ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನಲ್ಲಿ, ಹಾಸ್ಟೆಲು ಮಕ್ಕಳ ನೂಕುನುಗ್ಗಲಿನ ನಡುವೆ ಯಾರೋ "ಮೇಡಂ!" ಎಂದು ಕೂಗಿದರು. ಧನ್ಯಶ್ರೀ. ಈಗ ಒಂದೇ ಜಡೆ. ಅಲ್ಲಿಯೇ ಬಿ.ಎಸ್ಸಿ. ಓದುತ್ತಿದ್ದಾಳೆ, ಭೌತಶಾಸ್ತ್ರವೇ.

"ಹೇಗೆ ನಡೀತಾ ಉಂಟು?"

"ಒಂದು ಪ್ರಯೋಗ ಮೂರು ಸಲ ಮಾಡಿದೆ ಮೇಡಂ. ಬರ್ತಾ ಇಲ್ಲ."

"ಉಪಕರಣ ನೋಡಿದ್ಯಾ?" ನಾನು ಕೂಡಲೇ ಕೇಳಿದೆ. ನನಗೆ ಈಗ ಅದೇ ಮಂತ್ರ.

"ಎಲ್ಲ ನೋಡಿದೆ. ಅದೆಲ್ಲ ಸರಿಯೇ ಉಂಟು. ತಪ್ಪು ನನ್ನದೇ ಮೇಡಂ, ಎಲ್ಲಿ ಅಂತ ಇನ್ನೂ ಸಿಕ್ಲಿಲ್ಲ," ಎಂದು ನಕ್ಕಳು. ಬಸ್ಸು ಇನ್ನೂ ಬಂದಿಲ್ಲ ಎಂದು ಹೇಳುವಷ್ಟು ಹಗುರವಾಗಿ ಹೇಳಿದಳು. ಅದೇ ಮಾತನ್ನು ಹೇಳಿ ಸುಧಾರಿಸಿಕೊಳ್ಳಲು ನನಗೆ ಒಂದು ಲೋಟ ಬೆಲ್ಲ ನೀರು ಬೇಕಾಗಿತ್ತು.

ನನ್ನ ಬಸ್ಸು ಬಂತು. ಕಿಟಕಿಯ ಹತ್ತಿರ ಓಡಿಬಂದು, "ಸಿಕ್ಕಿದ್ರೆ ಫೋನ್ ಮಾಡ್ತೇನೆ ಮೇಡಂ," ಎಂದಳು.

ಮರುದಿನ ಫೋನ್ ಬರಲಿಲ್ಲ. ಅದರ ಮರುದಿನವೂ ಇಲ್ಲ. ಮೂರನೆಯ ದಿನ ನಾನು ತರಗತಿಯಲ್ಲಿ ಬೋರ್ಡಿನ ಮೇಲೆ ಬರೆಯುತ್ತಿದ್ದಾಗ ಮೇಜಿನ ಮೇಲಿನ ಫೋನು ನಡುಗಿತು. ನೋಡಿದರೆ ಅವಳ ಹೆಸರು. ಪಾಠದ ನಡುವೆ ಯಾರೂ ಫೋನ್ ಎತ್ತಬಾರದು ಎಂಬ ನಿಯಮವನ್ನು ಸ್ಟಾಫ್ ಮೀಟಿಂಗಿನಲ್ಲಿ ಹಟ ಹಿಡಿದು ಮಾಡಿಸಿದವಳು ನಾನೇ. ಮೂವತ್ತು ಜೋಡಿ ಕಣ್ಣುಗಳು ನನ್ನನ್ನೇ ನೋಡುತ್ತಿದ್ದವು.

ಚಾಕ್‌ಪೀಸು ಕೆಳಗಿಟ್ಟು ಎತ್ತಿದೆ.

"ಸಿಕ್ತಾ?" ಎಂದೆ.